ಜ್ವರ ಬಿಟ್ಟ ಮೇಲೆ ಲಿವರ್‌ನ ಸರದಿ

2021ರ ಮಳೆಗಾಲ. ನಮ್ಮ ದೊಡ್ಡಮ್ಮನಿಗೆ ಕೊರೊನಾ ಬಂದು ಹೋಗಿ ತಿಂಗಳುಗಳು ಕಳೆದಿದ್ದವು. ಸುಸ್ತು ಮಾತ್ರ ಬಿಟ್ಟಿರಲಿಲ್ಲ, ಊಟ ಸೇರುತ್ತಿರಲಿಲ್ಲ. ರಕ್ತ ಕೊಟ್ಟು ಬಂದರು. ವರದಿ ನೋಡಿದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಜ್ವರ ಬಂದಾಗಿನಿಂದ ಇಲ್ಲೀತನಕ ಏನೇನು ಔಷಧಿ ತಗೊಂಡ್ರಿ ಅಮ್ಮಾ?"

"ಏನೂ ಇಲ್ಲ ಡಾಕ್ಟ್ರೇ, ಬರೀ ಕಷಾಯ."

ಆ 'ಬರೀ'ಯೊಳಗೆ ಹಿತ್ತಿಲ ಅಮೃತಬಳ್ಳಿ ಇತ್ತು. ಕಾಳುಮೆಣಸು, ಶುಂಠಿ, ಅರಿಶಿನ ಇತ್ತು. ಪೇಟೆಯ ಅಂಗಡಿಯಿಂದ ಯಾರೋ ತಂದುಕೊಟ್ಟ, ಹೆಸರೂ ಸರಿಯಾಗಿ ನೆನಪಿಲ್ಲದ ಒಂದು ಪುಡಿಯೂ ಇತ್ತು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಒಂದು ದಿನವೂ ತಪ್ಪಿಸದೆ. ವರದಿಯಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ಇರಬೇಕಾದ್ದಕ್ಕಿಂತ ಆರು ಪಟ್ಟು ಏರಿತ್ತು. ದೊಡ್ಡಮ್ಮನ ಅನುಮಾನವೆಲ್ಲ ಕೊರೊನಾದ ಮೇಲೆ: "ಅದು ಒಳಗೇ ಕೂತುಬಿಟ್ಟಿದೆ." ಡಾಕ್ಟರು ಕಷಾಯ ನಿಲ್ಲಿಸಲು ಹೇಳಿದರು. ತಿಂಗಳಲ್ಲಿ ಅಂಕಿ ಅರ್ಧಕ್ಕಿಳಿಯಿತು, ಮೂರನೆಯ ತಿಂಗಳಿಗೆ ಮಾಮೂಲಿಗೆ ಬಂತು. ಕಷಾಯದಿಂದಲೇ ಹೀಗಾಯಿತು ಎಂದು ಬರೆದುಕೊಡಲು ಆಗದು, ಆದರೆ ಮತ್ತೆ ಮಾತ್ರ ಕುಡಿಯಬೇಡಿ ಎಂದು ಅವರು ಹೇಳಿ ಕಳಿಸಿದ್ದನ್ನು ನಾನು ಮರೆತಿಲ್ಲ.

ಕೋವಿಡ್ ಆದ ಮೇಲೆ ಬಂದದ್ದೆಲ್ಲ ಕೋವಿಡ್‌ನಿಂದಲೇ ಬಂದದ್ದಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಲು ಜಾಗ ಬೇಕು. ಸೋಂಕಿನ ನಂತರ ಲಿವರ್ ಕೆಟ್ಟರೆ ಅದಕ್ಕೆ ವೈರಾಣು ಕಾರಣವಿರಬಹುದು, ಐಸಿಯುವಿನಲ್ಲಿ ಕಳೆದ ವಾರಗಳು ಕಾರಣವಿರಬಹುದು. ನುಂಗಿದ ಗುಳಿಗೆ, ಚುಚ್ಚಿಸಿಕೊಂಡ ಸ್ಟೀರಾಯ್ಡ್, ಅಡುಗೆಮನೆಯ ಕಷಾಯ, ಮೊದಲೇ ಕೂತಿದ್ದ ಕೊಬ್ಬು, ಯಾವುದೂ ಇರಬಹುದು. ಒಂದೊಂದರ ಚಿಕಿತ್ಸೆಯೂ ಬೇರೆ. ಕೆಲವಕ್ಕೆ ಏನನ್ನೂ ಮಾಡಬೇಕಿಲ್ಲ, ಕೆಲವಕ್ಕೆ ಲಿವರ್ ಕಸಿಯೇ ಬೇಕಾದೀತು.

ಮೊದಲು ವೈರಾಣುವಿನ ಮಾತು. ಜೀವಕೋಶದೊಳಗೆ ಹೋಗಲು ಅದಕ್ಕೆ ಎಸಿಇ2 ಎಂಬ ಬಾಗಿಲು ಬೇಕು. ಲಿವರ್‌ನಲ್ಲಿ ಈ ಬಾಗಿಲು ಹೆಚ್ಚಾಗಿರುವುದು ಪಿತ್ತನಾಳಗಳ ಒಳಪದರದ ಕೋಶಗಳಲ್ಲಿ. ಲಿವರ್‌ನ ಬಹುಪಾಲು ಕೆಲಸ ಮಾಡುವ ಮುಖ್ಯ ಕೋಶಗಳಲ್ಲಿ ಕಡಿಮೆ. 2020ರ ಆರಂಭದಲ್ಲಿ ಚೀನಾದಿಂದ ಬಂದ ವರದಿಗಳಲ್ಲಿ ಸೋಂಕಿತರ ಪೈಕಿ ನೂರಕ್ಕೆ 14ರಿಂದ 53 ಮಂದಿಯಲ್ಲಿ ಲಿವರ್ ಕಿಣ್ವಗಳು ಏರಿದ್ದವು. ಅಂಕಿ ಕೇಳಿದರೆ ಗಾಬರಿಯಾಗುತ್ತದೆ. ಆದರೆ ಹೆಚ್ಚಿನವರಲ್ಲಿ ಏರಿಕೆ ಅಲ್ಪಸ್ವಲ್ಪ, ಕಾಯಿಲೆ ಇಳಿದಂತೆ ಅದೂ ಇಳಿಯುತ್ತಿತ್ತು. ಇನ್ನೊಂದು ಸಂಗತಿ, ಎಸ್‌ಜಿಒಟಿ ಎಂಬ ಕಿಣ್ವ ಲಿವರ್‌ನ ಸ್ವಂತ ಆಸ್ತಿಯೇನಲ್ಲ. ಸ್ನಾಯುಗಳಲ್ಲಿ, ಹೃದಯದಲ್ಲಿಯೂ ಅದು ಇರುತ್ತದೆ. ಮೈಕೈ ನುಲಿದುಹೋಗುವಂಥ ಜ್ವರದಲ್ಲಿ ಸ್ನಾಯುಗಳಿಂದಲೂ ಅದು ರಕ್ತಕ್ಕೆ ಸೋರುತ್ತದೆ. ಎಸ್‌ಜಿಒಟಿ ಒಂದೇ ಏರಿದ್ದಕ್ಕೆ ಲಿವರ್ ಹೋಯಿತೆಂದು ರಾತ್ರಿ ನಿದ್ದೆಗೆಟ್ಟವರು ನಮ್ಮ ಬಳಗದಲ್ಲೇ ಇದ್ದಾರೆ.

ಸತ್ತವರ ಲಿವರ್ ಹೇಳಿದ್ದು ಇನ್ನೊಂದು ಕಥೆ. ಮೊದಲ ಅಲೆಯಲ್ಲಿ ನಲುಗಿದ ಉತ್ತರ ಇಟಲಿಯಲ್ಲಿ ವೈದ್ಯರು ಕೋವಿಡ್‌ನಿಂದ ಸತ್ತ 48 ಜನರ ಲಿವರ್ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹೆಪಟೈಟಿಸ್ ವೈರಾಣುಗಳು ಮಾಡುವಂಥ ದೊಡ್ಡ ಉರಿಯೂತ ಅಲ್ಲಿ ಕಾಣಲಿಲ್ಲ. ಕಂಡದ್ದು ರಕ್ತನಾಳಗಳ ತೊಂದರೆ, ಸಣ್ಣ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ. ಲಿವರ್‌ಗೆ ಪೆಟ್ಟು ಬಿದ್ದದ್ದು ಬಹುಮಟ್ಟಿಗೆ ರಕ್ತ ಮತ್ತು ಆಮ್ಲಜನಕದ ದಾರಿಯಲ್ಲಿ ಎಂಬ ಸುಳಿವು ಅದು. ಎರಡನೆಯ ಅಲೆಯಲ್ಲಿ ನಾವೆಲ್ಲ ಬೆರಳ ತುದಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು 94, 93, 91 ಎಂದು ಉಸಿರು ಬಿಗಿಹಿಡಿದು ಎಣಿಸಿದವರು. ಅದನ್ನು ನಾವು ಶ್ವಾಸಕೋಶದ ಲೆಕ್ಕ ಎಂದುಕೊಂಡಿದ್ದೆವು. ಅದೇ ಹೊತ್ತಿಗೆ ಬಲಪಕ್ಕೆಯ ಕೆಳಗೆ ಇನ್ನೊಂದು ಅಂಗವೂ ಆ ಅಂಕಿಯನ್ನೇ ನೆಚ್ಚಿಕೊಂಡಿತ್ತು.

ಕೋವಿಡ್ ಲಿವರ್‌ಗೆ ಮಾಡುವ ಕೇಡುಗಳಲ್ಲೆಲ್ಲ ಅಪರೂಪದ್ದೂ ಭಯಂಕರವಾದದ್ದೂ ಆದ ಒಂದು ಕಾಯಿಲೆ ಈ ಆಮ್ಲಜನಕದ ಕಥೆಯೊಳಗಿಂದಲೇ ಹುಟ್ಟುತ್ತದೆ.

ದೇಹದ ಉಳಿದ ಅಂಗಗಳಿಗಿಂತ ಲಿವರ್ ಒಂದು ವಿಷಯದಲ್ಲಿ ಪುಣ್ಯವಂತ. ಅದಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನಿಂದ ಬರುವ ದೊಡ್ಡ ಅಭಿಧಮನಿಯಿಂದ, ಕಾಲು ಪಾಲು ಹೃದಯದ ಕಡೆಯಿಂದ ಬರುವ ಅಪಧಮನಿಯಿಂದ. ಎರಡು ಕಾಲುವೆಯ ಗದ್ದೆಯಿದ್ದಂತೆ, ಒಂದರಲ್ಲಿ ನೀರು ಕಡಿಮೆಯಾದರೂ ಇನ್ನೊಂದು ಕೈಹಿಡಿಯುತ್ತದೆ. ಆದರೆ ಅದೇ ಗದ್ದೆಯ ನಡುವೆ ಹಾದುಹೋಗುವ ಪಿತ್ತನಾಳಗಳಿಗೆ ಈ ಭಾಗ್ಯವಿಲ್ಲ. ಅವಕ್ಕೆ ರಕ್ತ ಉಣಿಸುವುದು ಅಪಧಮನಿ ಒಂದೇ, ಅದೂ ನಾಳಗಳ ಸುತ್ತ ಹೆಣೆದುಕೊಂಡ ಕೂದಲೆಳೆಯಂಥ ಜಾಲದ ಮೂಲಕ. ಕಸಿ ಮಾಡುವ ಶಸ್ತ್ರವೈದ್ಯರಿಗೆ ಇದು ಹಳೆಯ ಪಾಠ. ಹೊಸ ಲಿವರ್‌ನ ಅಪಧಮನಿ ಕಟ್ಟಿಕೊಂಡರೆ ಮೊದಲು ಹಾಳಾಗುವುದು ಪಿತ್ತನಾಳ.

ಈಗ ವಾರಗಟ್ಟಲೆ ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ನೆನೆಯಿರಿ. ರಕ್ತದೊತ್ತಡ ಕುಸಿದಿದೆ. ಅದನ್ನು ಎತ್ತಿಹಿಡಿಯಲು ಕೊಡುವ ಔಷಧಿ ಹೊಟ್ಟೆಯೊಳಗಿನ ಅಂಗಗಳಿಗೆ ಹೋಗುವ ರಕ್ತನಾಳಗಳನ್ನೇ ಬಿಗಿಗೊಳಿಸುತ್ತದೆ. ವೆಂಟಿಲೇಟರ್ ಎದೆಯೊಳಗೆ ಹಾಕುವ ಒತ್ತಡ ಲಿವರ್‌ನಿಂದ ರಕ್ತ ವಾಪಸಾಗುವುದನ್ನು ತಡೆಯುತ್ತದೆ. ನಾಳಗಳ ಒಳಪದರದ ಕೋಶಗಳಲ್ಲಿ ವೈರಾಣುವಿಗೆ ಬೇಕಾದ ಬಾಗಿಲು ಮೊದಲೇ ತೆರೆದಿದೆ. ರೋಗಿಯನ್ನು ಮಂಪರಿನಲ್ಲಿಡಲು ಬಹುದಿನ ಬಳಸಿದ ಕೆಟಮಿನ್ ಮೇಲೂ ಕೆಲವು ವೈದ್ಯರಿಗೆ ಶಂಕೆಯಿದೆ. ಇವೆಲ್ಲ ಸೇರಿ ಪಿತ್ತನಾಳದ ಒಳಪದರ ಸಾಯುತ್ತದೆ, ಸುಲಿದು ಬೀಳುತ್ತದೆ, ಪಿತ್ತರಸದೊಂದಿಗೆ ಕಲೆತು ಗಟ್ಟಿಯಾಗಿ ನಾಳದ ಅಚ್ಚಿನಂತೆಯೇ ಒಳಗೆ ಕೂರುತ್ತದೆ. ಉಳಿದ ನಾಳ ಅಲ್ಲಲ್ಲಿ ಕುಗ್ಗಿ, ಅಲ್ಲಲ್ಲಿ ಉಬ್ಬುತ್ತದೆ. ಎಂಆರ್‌ಐ ಚಿತ್ರದಲ್ಲಿ ಮಣಿ ಪೋಣಿಸಿದ ದಾರದ ಹಾಗೆ ಕಾಣುತ್ತದೆ.

ತೀವ್ರ ಕಾಯಿಲೆಯಿಂದ ಐಸಿಯುವಿನಲ್ಲಿದ್ದವರಿಗೆ ಇಂಥ ತೊಂದರೆ ಬರಬಹುದೆಂದು ವೈದ್ಯಲೋಕಕ್ಕೆ ಈ ಶತಮಾನದ ಆರಂಭದಿಂದಲೇ ಗೊತ್ತಿತ್ತು. ಗೊತ್ತಿದ್ದರೂ ಕಂಡವರು ಕಡಿಮೆ. ಕೋವಿಡ್ ಬಂದು ಏಕಕಾಲಕ್ಕೆ ಅಷ್ಟೊಂದು ಜನ ಐಸಿಯುವಿನಲ್ಲಿ ಮಲಗಿದ್ದರಿಂದ ಅದು ಎದ್ದು ಕಾಣಿಸಿತು. ನ್ಯೂಯಾರ್ಕ್‌ನ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಗಳ ವೈದ್ಯರು 2021ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದ 2,047 ಜನರಲ್ಲಿ 12 ಮಂದಿಗೆ ಈ ಪಿತ್ತನಾಳದ ಕಾಯಿಲೆ. ಅವರಲ್ಲಿ 11 ಮಂದಿ ಗಂಡಸರು. ಕೋವಿಡ್ ಪತ್ತೆಯಾದ ದಿನದಿಂದ ಇದು ಪತ್ತೆಯಾಗುವವರೆಗೆ ಸರಾಸರಿ 118 ದಿನ. ಐವರನ್ನು ಕಸಿಗೆ ಪರಿಗಣಿಸಬೇಕಾಯಿತು, ಒಬ್ಬರಿಗೆ ಜೀವಂತ ದಾನಿಯಿಂದ ಲಿವರ್ ಕಸಿ ಯಶಸ್ವಿಯಾಗಿ ನಡೆಯಿತು.

118 ದಿನ ಎಂದರೆ ಸುಮಾರು ನಾಲ್ಕು ತಿಂಗಳು. ಅಷ್ಟರಲ್ಲಿ ಮನೆಯವರು ದೇವರಿಗೆ ಹರಕೆ ತೀರಿಸಿ ಬಂದಿರುತ್ತಾರೆ, ಬಂಧುಗಳು ಪುನರ್ಜನ್ಮ ಎಂದು ಹೇಳಿ ಹೋಗಿರುತ್ತಾರೆ. ಆಗ ಮೈ ತುರಿಸಲು ಶುರುವಾಗುತ್ತದೆ. ಗುಳ್ಳೆಯಿಲ್ಲ, ಕಜ್ಜಿಯಿಲ್ಲ, ಆದರೂ ರಾತ್ರಿಯಿಡೀ ತುರಿಕೆ. ಪಿತ್ತ ಹರಿಯದೆ ನಿಂತಾಗ ಆಗುವುದೇ ಹೀಗೆ. ಒಣಚರ್ಮ ಎಂದೋ ಔಷಧಿಯ ಉಷ್ಣ ಎಂದೋ ಮನೆಯಲ್ಲಿ ಎಣ್ಣೆ ಸವರುತ್ತಾರೆ, ಇಲ್ಲವೇ ಚರ್ಮದ ಡಾಕ್ಟರ ಬಳಿ ಹೋಗುತ್ತಾರೆ. ಮೂತ್ರ ಗಾಢವಾಗಿ, ಮಲ ಬಿಳಿಚಿ, ಕಣ್ಣು ಹಳದಿಯಾದ ಮೇಲಷ್ಟೇ ಕಾಮಾಲೆ ಎಂಬ ಮಾತು ಬರುತ್ತದೆ. ಕಾಮಾಲೆ ಎಂದೊಡನೆ ನಮ್ಮಲ್ಲಿ ಹುಡುಕುವುದು ನೆಲನೆಲ್ಲಿಯನ್ನು, ಇಲ್ಲವೇ ಪಕ್ಕದೂರಲ್ಲಿ ಬೆಳಿಗ್ಗೆ ಖಾಲಿಹೊಟ್ಟೆಗೆ ಔಷಧಿ ಕೊಡುವವರನ್ನು. ಹೆಪಟೈಟಿಸ್ ಎ ವೈರಾಣುವಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ, ಆದ್ದರಿಂದ ಕೊಟ್ಟ ಔಷಧಿಗೆ ಕೀರ್ತಿ ಸಿಗುತ್ತದೆ. ಕಟ್ಟಿಕೊಂಡ ಪಿತ್ತನಾಳ ಮಾತ್ರ ಅದಾಗಿಯೇ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿ ಕಳೆದುಹೋಗುವುದು ತಿಂಗಳುಗಳು.

ಇದನ್ನು ಹಿಡಿಯುವ ಸುಳಿವು ಎಲ್‌ಎಫ್‌ಟಿ ಎಂಬ ಸಾಮಾನ್ಯ ಲಿವರ್ ರಕ್ತಪರೀಕ್ಷೆಯಲ್ಲೇ ಇದೆ. ನಮ್ಮ ಕಣ್ಣು ಸದಾ ಎಸ್‌ಜಿಪಿಟಿಯ ಸಾಲಿಗೆ ಹೋಗುತ್ತದೆ. ಇಲ್ಲಿ ನೋಡಬೇಕಾದ್ದು ಕೆಳಗಿನ ಸಾಲು, ಆಲ್ಕಲೈನ್ ಫಾಸ್ಫಟೇಸ್. ಪ್ರಯೋಗಾಲಯಗಳು ಸುಮಾರು 120ರ ಆಸುಪಾಸನ್ನು ಇದರ ಮೇಲಿನ ಮಿತಿ ಎನ್ನುತ್ತವೆ. ಆ ನ್ಯೂಯಾರ್ಕ್ ರೋಗಿಗಳಲ್ಲಿ ಇದರ ಗರಿಷ್ಠ ಮಟ್ಟದ ಮಧ್ಯಮ ಅಂಕಿ 1,855. ನಾಳದೊಳಗೆ ಕೂತ ಕಸವನ್ನು ಇಆರ್‌ಸಿಪಿ ಎಂಬ ವಿಧಾನದಿಂದ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒಂದಷ್ಟು ತೆಗೆಯಬಹುದು. ಪಿತ್ತ ತೆಳುವಾಗಿ ಹರಿಯಲು ಕೊಡುವ ಗುಳಿಗೆಗಳಿವೆ. ಅವುಗಳ ಪ್ರಯೋಜನಕ್ಕೆ ಮಿತಿಯೂ ಇದೆ. ನಾಳಗಳು ಪೂರ್ತಿ ಹಾಳಾದರೆ ಉಳಿಯುವುದು ಕಸಿ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗ ಹಂಚಿಕೆಯನ್ನು ನೋಡಿಕೊಳ್ಳುವ 'ಜೀವಸಾರ್ಥಕತೆ'ಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು, ಇಲ್ಲವೇ ಮನೆಯವರೇ ಒಬ್ಬರು ತಮ್ಮ ಲಿವರ್‌ನ ಒಂದು ಭಾಗ ಕೊಡಬೇಕು. ಇದು ಮನೆಯಲ್ಲೇ ಜ್ವರ ಕಳೆದವರಿಗೆ ಬರುವ ಕಾಯಿಲೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಐಸಿಯುವಿನಿಂದ ಬದುಕಿ ಬಂದವರಲ್ಲೂ ವಿರಳ. ಆದರೆ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜೀವವನ್ನು ತುರಿಕೆ ಎಂದು ಕಡೆಗಣಿಸಿ ಕಳೆದುಕೊಳ್ಳಬಾರದು.

ಸ್ಟೀರಾಯ್ಡ್‌ನ ವಿಷಯ ಬಂದರೆ ನನಗೆ ಈಗಲೂ ಸಂಕಟವಾಗುತ್ತದೆ. 2020ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನ ರಿಕವರಿ ಪ್ರಯೋಗ ತೋರಿಸಿಕೊಟ್ಟದ್ದು ಸ್ಪಷ್ಟವಾಗಿತ್ತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್, ಗರಿಷ್ಠ ಹತ್ತು ದಿನ. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು ತಗ್ಗಿತು. ಆಮ್ಲಜನಕ ಬೇಕಿಲ್ಲದವರಿಗೆ ಏನೂ ಲಾಭವಾಗಲಿಲ್ಲ. ಈ ಕೊನೆಯ ವಾಕ್ಯವನ್ನು ನಮ್ಮ ಊರುಗಳಲ್ಲಿ ಎಷ್ಟೋ ಕಡೆ ಯಾರೂ ಓದಲೇ ಇಲ್ಲ. ಜ್ವರದ ಎರಡನೇ ದಿನವೇ ಸ್ಟೀರಾಯ್ಡ್, ಹದಿನೈದು ದಿನ, ಇಪ್ಪತ್ತು ದಿನ. ಒಬ್ಬರ ಚೀಟಿ ವಾಟ್ಸಾಪ್‌ನಲ್ಲಿ ಹತ್ತು ಮನೆಗೆ ಹೋಯಿತು.

ಸ್ಟೀರಾಯ್ಡ್ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುತ್ತದೆ, ಕೆಲಸ ಮಾಡುವುದೇ ಹಾಗೆ. ಕಾವಲುಗಾರ ಮಲಗಿದಾಗ ಒಳಗಿದ್ದ ಕಳ್ಳರು ಏಳುತ್ತಾರೆ. ದೆಹಲಿಯ ಸರ್ ಗಂಗಾರಾಮ್ ಆಸ್ಪತ್ರೆಯ ವೈದ್ಯರು 2021ರ ಜುಲೈನಲ್ಲಿ ಹೇಳಿದ ಸುದ್ದಿ ಇದಕ್ಕೆ ಸಾಕ್ಷಿ. ಕೋವಿಡ್‌ನಿಂದ ಗುಣವಾಗಿ 22 ದಿನಗಳೊಳಗೆ ಲಿವರ್‌ನಲ್ಲಿ ಕೀವು ತುಂಬಿಕೊಂಡ 14 ಮಂದಿ ಎರಡೇ ತಿಂಗಳಲ್ಲಿ ಅಲ್ಲಿಗೆ ಬಂದಿದ್ದರು. ಅಮೀಬಾದಿಂದ ಆಗುವ ಇಂಥ ಕೀವುಗಡ್ಡೆ ನಮ್ಮ ದೇಶಕ್ಕೆ ಹೊಸದಲ್ಲ, ಕಲುಷಿತ ನೀರು ಇರುವಲ್ಲೆಲ್ಲ ಅದು ಇದೆ. ಆದರೆ ಇವರಲ್ಲಿ ಗಡ್ಡೆಗಳು ಹಲವು, ಗಾತ್ರವೂ ದೊಡ್ಡದು. ಒಬ್ಬರಲ್ಲಿ 19 ಸೆಂಟಿಮೀಟರ್ ಇತ್ತು. 14 ಮಂದಿಯಲ್ಲಿ ಎಂಟು ಜನ ಸ್ಟೀರಾಯ್ಡ್ ತೆಗೆದುಕೊಂಡವರು. 13 ಮಂದಿ ಕೀವು ತೆಗೆಸಿಕೊಂಡು, ಔಷಧಿಯಿಂದ ಬದುಕಿದರು. ಒಬ್ಬರ ಗಡ್ಡೆ ಹೊಟ್ಟೆಯೊಳಗೆ ಒಡೆದು ಅವರು ಉಳಿಯಲಿಲ್ಲ. ಮತ್ತೆ ಜ್ವರ, ಬಲಪಕ್ಕೆಯಲ್ಲಿ ನೋವು ಎಂದಾಗ ಕೊರೊನಾದ ಬಾಲ ಇನ್ನೂ ಇದೆ ಎಂದು ಕಾದವರಿಗೆ ಅಪಾಯ ಹೆಚ್ಚು. ಒಂದು ಅಲ್ಟ್ರಾಸೌಂಡ್ ಸಾಕು, ಕೀವು ಕಾಣುತ್ತದೆ.

ಇನ್ನೊಬ್ಬ ಮಲಗಿರುವ ಅತಿಥಿ ಹೆಪಟೈಟಿಸ್ ಬಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರ ದೇಹದಲ್ಲಿ ಈ ವೈರಾಣು ಇತ್ತು. ಅವರಲ್ಲಿ ಬಹಳಷ್ಟು ಜನಕ್ಕೆ ಅದು ಗೊತ್ತೇ ಇಲ್ಲ. ಸ್ಟೀರಾಯ್ಡ್, ಟೊಸಿಲಿಜುಮ್ಯಾಬ್‌ನಂಥ ರಕ್ಷಣಾಶಕ್ತಿ ತಗ್ಗಿಸುವ ಔಷಧಿ ಕೊಟ್ಟ ಮೇಲೆ ವಾರಗಳೋ ತಿಂಗಳುಗಳೋ ಕಳೆದು ಈ ವೈರಾಣು ಎದ್ದು ಲಿವರ್ ಮೇಲೆ ಬೀಳಬಹುದು. ಎಚ್‌ಬಿಎಸ್‌ಎಜಿ ಎಂಬ ಅಗ್ಗದ ಪರೀಕ್ಷೆ ಇದನ್ನು ತೋರಿಸುತ್ತದೆ, ಔಷಧಿಯೂ ಇದೆ. ಕೋವಿಡ್ ನಂತರ ಲಿವರ್ ಕೆಟ್ಟವರೆಲ್ಲ ಈ ಪರೀಕ್ಷೆಯನ್ನು ಮೊದಲು ಮಾಡಿಸಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಗುಳಿಗೆಗಳ ವಿಚಾರ. ಡೋಲೋ 650 ಎಂಬ ಬೆಂಗಳೂರಿನ ಗುಳಿಗೆ ಆ ಎರಡು ವರ್ಷ ದೇಶಕ್ಕೇ ಮನೆಮಾತಾಯಿತು. ಪ್ಯಾರಾಸಿಟಮಾಲ್ ಹೇಳಿದಷ್ಟೇ ತೆಗೆದುಕೊಂಡರೆ ಸುರಕ್ಷಿತ. ಆರೋಗ್ಯವಂತ ದೊಡ್ಡವರಿಗೆ ದಿನದ ಮಿತಿ 4 ಗ್ರಾಂ, ಅಂದರೆ 650ರ ಗುಳಿಗೆ ಆರು. ಅದರ ಒಂದು ಸಣ್ಣ ಪಾಲನ್ನು ಲಿವರ್ ವಿಷವಾಗಿ ಮಾರ್ಪಡಿಸುತ್ತದೆ, ತಾನೇ ಇಟ್ಟುಕೊಂಡ ಗ್ಲುಟಾಥಯೋನ್ ಎಂಬ ದಾಸ್ತಾನಿನಿಂದ ಆ ವಿಷವನ್ನು ತೊಳೆಯುತ್ತದೆ. ನಾಲ್ಕು ದಿನ ಅನ್ನ ಸೇರದೆ ಮಲಗಿದವರಲ್ಲಿ, ಮದ್ಯ ಕುಡಿಯುವವರಲ್ಲಿ ಈ ದಾಸ್ತಾನು ಕಡಿಮೆ. ಶೀತದ ಗುಳಿಗೆಯಲ್ಲೂ ಮೈಕೈ ನೋವಿನ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆಂದು ತಿಳಿಯದೆ ಮೂರನ್ನೂ ಒಟ್ಟಿಗೆ ನುಂಗಿದವರಿದ್ದಾರೆ. ಆದರೆ ಈ ಪೆಟ್ಟು ಬೀಳುವುದು ದಿನಗಳಲ್ಲಿ. ಆರು ತಿಂಗಳ ನಂತರದ ವರದಿಗೆ ಅಂದಿನ ಡೋಲೋವನ್ನು ದೂರುವುದು ಸರಿಯಾಗದು. ಕೋವಿಡ್‌ಗೆ ಕೊಡುತ್ತಿದ್ದ ರೆಮ್‌ಡಿಸಿವಿರ್ ಕೂಡ ಕಿಣ್ವ ಏರಿಸಬಲ್ಲದು. ಅದನ್ನು ಕೊಡುವಾಗ ಲಿವರ್ ಪರೀಕ್ಷೆ ಮಾಡುತ್ತಲೇ ಇರಬೇಕೆಂಬ ನಿಯಮವಿದ್ದದ್ದು ಅದಕ್ಕೇ. ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ.

ಮತ್ತೆ ದೊಡ್ಡಮ್ಮನ ಲೋಟಕ್ಕೆ ಬರುತ್ತೇನೆ. ಅಮೃತಬಳ್ಳಿಯನ್ನು ಬಲ್ಲವರಿಗೆ ಅದರ ಮೇಲಿನ ನಂಬಿಕೆ ಅರ್ಥವಾಗುತ್ತದೆ. ಹೃದಯದ ಆಕಾರದ ಎಲೆ, ಮರದಿಂದ ಇಳಿಬಿದ್ದ ದಾರದಂಥ ಬೇರು. ಕತ್ತರಿಸಿ ಜಗಲಿಯಲ್ಲಿ ನೇತುಹಾಕಿದರೂ ವಾರಗಟ್ಟಲೆ ಒಣಗದೆ ಚಿಗುರುತ್ತದೆ. ಹಾಗೆ ಸಾಯದ ಬಳ್ಳಿಗೆ ಅಮೃತ ಎಂಬ ಹೆಸರು ಬಂದದ್ದು ಸಹಜ. ಆಯುಷ್ ಸಚಿವಾಲಯ 2020ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕೋವಿಡ್ ಚಿಕಿತ್ಸಾ ಕ್ರಮದಲ್ಲಿಯೂ ಅದು ಇತ್ತು. ಕಾಂಪೌಂಡಿನ ಮೇಲೆ ಅನಾಥವಾಗಿದ್ದ ಬಳ್ಳಿಗೆ ಆ ವರ್ಷ ಬೇಡಿಕೆಯೋ ಬೇಡಿಕೆ.

ಅದೇ ವರ್ಷ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈನಲ್ಲಿ ಈ ಬಳ್ಳಿಯ ಕಷಾಯವನ್ನೋ ಗುಳಿಗೆಯನ್ನೋ ತೆಗೆದುಕೊಂಡಿದ್ದ ಆರು ಮಂದಿ ಲಿವರ್ ಉರಿಯೂತದಿಂದ ವೈದ್ಯರ ಬಳಿ ಬಂದರು. ನಂತರ ದೇಶದ 13 ಕೇಂದ್ರಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರವನ್ನು 2022ರಲ್ಲಿ ಪ್ರಕಟಿಸಿದರು. ಹಲವರಲ್ಲಿ ಕಂಡದ್ದು ಸ್ವಯಂನಿರೋಧಕ ಹೆಪಟೈಟಿಸ್‌ನ ಲಕ್ಷಣ, ಅಂದರೆ ದೇಹದ ರಕ್ಷಣಾವ್ಯವಸ್ಥೆ ಲಿವರ್‌ನ ಮೇಲೆಯೇ ತಿರುಗಿಬಿದ್ದದ್ದು. ಇಮ್ಯುನಿಟಿ ಹೆಚ್ಚಿಸುತ್ತದೆ ಎಂಬುದನ್ನು ನಾವು ಹೊಗಳಿಕೆಯ ಮಾತಾಗಿ ಮಾತ್ರ ಕೇಳಿದ್ದೇವೆ. ಥೈರಾಯ್ಡ್‌ನಂಥ ಸ್ವಯಂನಿರೋಧಕ ಕಾಯಿಲೆಯ ಕಡೆಗೆ ಒಲವಿರುವ ದೇಹದಲ್ಲಿ ಆ ಹೆಚ್ಚಳವೇ ಹಾನಿಯಾಗಬಲ್ಲದು.

ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೇ ಎಂದು ವೈದ್ಯರು ಸರಿಯಾಗಿ ಗುರುತಿಸಿಲ್ಲ, ಅದೇ ಕುಲದ, ಮೈಮೇಲೆ ಗಂಟುಗಳಿರುವ ಇನ್ನೊಂದು ಬಳ್ಳಿಯೂ ಇರಬಹುದು ಎಂಬುದು ಅದರ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ನನ್ನ ಆತಂಕವನ್ನು ಹೆಚ್ಚಿಸುತ್ತದೆ. ಪಂಡಿತರಿಗೇ ಗುರುತು ಅನುಮಾನವಾಗುವ ಬಳ್ಳಿಯನ್ನು ನಾವು ಬೇಲಿಯಿಂದ ಕಿತ್ತು, ಅಳತೆಯಿಲ್ಲದೆ ಕುದಿಸಿ, ತಿಂಗಳುಗಟ್ಟಲೆ ಮಕ್ಕಳಿಗೂ ಮುದುಕರಿಗೂ ಕುಡಿಸಿದೆವು. ಆಯುರ್ವೇದ ಬಲ್ಲ ವೈದ್ಯರು ಯಾರಿಗೆ, ಎಷ್ಟು, ಎಷ್ಟು ದಿನ ಎಂದು ನೋಡಿಯೇ ಔಷಧಿ ಕೊಡುತ್ತಾರೆ. ನಮ್ಮ ಕಷಾಯಕ್ಕೆ ಆ ಮೂರೂ ಇರಲಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಮಧ್ಯಪ್ರದೇಶದ ಸಾಗರ ಪಟ್ಟಣದ ಬುಂದೇಲಖಂಡ್ ವೈದ್ಯಕೀಯ ಕಾಲೇಜಿನವರು ಎರಡನೇ ಅಲೆಯಲ್ಲಿ ಸೋಂಕು ತಗುಲಿದ 475 ಮಕ್ಕಳಲ್ಲಿ 47 ಮಕ್ಕಳಿಗೆ ಲಿವರ್ ಉರಿಯೂತ ಕಂಡರು. ಅವರಲ್ಲಿ 37 ಮಕ್ಕಳಿಗೆ ಜ್ವರವೂ ಹೆಚ್ಚಿರಲಿಲ್ಲ, ಸೋಂಕು ಕಳೆದ ಮೇಲೆ ಇದ್ದಕ್ಕಿದ್ದಂತೆ ಕಾಣಿಸಿಕೊಂಡ ಹೆಪಟೈಟಿಸ್ ಅದು. ಮರುವರ್ಷ ಬ್ರಿಟನ್ನಿನಲ್ಲಿ ಪುಟ್ಟ ಮಕ್ಕಳಲ್ಲಿ ಕಾರಣ ತಿಳಿಯದ ಹೆಪಟೈಟಿಸ್ ಬಂದಾಗಲೂ ಕೆಲವರು ಬೆರಳು ತೋರಿದ್ದು ಕೋವಿಡ್ ಕಡೆಗೆ. ಹುಡುಕಿದಾಗ ಸಿಕ್ಕ ಬಲವಾದ ಸುಳಿವು ಬೇರೆಯೇ ಒಂದು ಪುಟ್ಟ ವೈರಾಣುವಿನದು. ಒಂದೇ ಹೆಸರಿನ ಕಾಯಿಲೆ, ಎರಡೂ ಕಡೆ ಮಕ್ಕಳೇ, ಕಾರಣ ಬೇರೆ.

ಇನ್ನು ಉಳಿದವರು, ಅಂದರೆ ನಮ್ಮಲ್ಲಿ ಬಹುಪಾಲು ಜನ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2022ರಲ್ಲಿ ಮಂಡಿಸಿದ ಅಧ್ಯಯನದಲ್ಲಿ ಕೋವಿಡ್ ಬಂದು ಸರಾಸರಿ 44 ವಾರ ಕಳೆದವರ ಲಿವರ್, ಸಾಂಕ್ರಾಮಿಕಕ್ಕಿಂತ ಮೊದಲು ಪರೀಕ್ಷಿಸಿದವರ ಲಿವರ್‌ಗಿಂತ ಗಡುಸಾಗಿತ್ತು: 5.99ಕ್ಕೆ ಎದುರಾಗಿ 7.68 ಕಿಲೋಪ್ಯಾಸ್ಕಲ್. ವೈರಾಣುವಿನ ಗುರುತೋ, ಆ ಎರಡು ವರ್ಷಗಳ ಬದುಕಿನ ಗುರುತೋ ಎಂದು ಈ ಅಂಕಿ ಒಂದರಿಂದಲೇ ಹೇಳಲಾಗದು. ಮನೆಯಿಂದಲೇ ಕೆಲಸ, ಕೂತಲ್ಲೇ ಊಟ, ನಿಂತುಹೋದ ನಡಿಗೆ, ಸೊಂಟಕ್ಕೆ ಸೇರಿದ ಐದಾರು ಕೆ.ಜಿ. ಭಾರತದ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಫ್ಯಾಟಿ ಲಿವರ್ ಇದೆಯೆಂದು ದೆಹಲಿಯ ಏಮ್ಸ್ ವೈದ್ಯರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಹೇಳಿದರು. ಕೋವಿಡ್ ನೆಪದಲ್ಲಿ ಮೊದಲ ಬಾರಿ ಎಲ್‌ಎಫ್‌ಟಿಯೋ ಹೊಟ್ಟೆಯ ಸ್ಕ್ಯಾನಿಂಗೋ ಮಾಡಿಸಿಕೊಂಡ ಎಷ್ಟೋ ಜನರಿಗೆ ಅಂದು ಕಂಡದ್ದು ಹತ್ತು ವರ್ಷದ ಹಳೆಯ ಕೊಬ್ಬು. ಇದಕ್ಕೆ ಮದ್ದು ನಡಿಗೆ, ಕಡಿಮೆ ಸಕ್ಕರೆ, ಮದ್ಯದಿಂದ ದೂರ. ತೂಕ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿದರೆ ಲಿವರ್‌ನ ಉರಿಯೂತವೂ ಇಳಿಯುತ್ತದೆ. ಎಂಬತ್ತು ಕೆ.ಜಿ. ತೂಗುವವರಿಗೆ ಆರರಿಂದ ಎಂಟು ಕೆ.ಜಿ. ಅಷ್ಟೇ.

ಮೊದಲೇ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವ ಕಾಯಿಲೆ, ಇದ್ದವರ ಮಾತು ಬೇರೆ. ಹಲವು ದೇಶಗಳ 745 ಲಿವರ್ ರೋಗಿಗಳನ್ನು ನೋಡಿದ ಒಂದು ದಾಖಲೆಯಲ್ಲಿ, ಕೋವಿಡ್ ತಗುಲಿದ ಸಿರೋಸಿಸ್ ರೋಗಿಗಳಲ್ಲಿ ನೂರಕ್ಕೆ 32 ಮಂದಿ ಸತ್ತರು, ಸಿರೋಸಿಸ್ ಇಲ್ಲದವರಲ್ಲಿ 8 ಮಂದಿ. ಲಸಿಕೆಯ ನಂತರ ಲಿವರ್ ಉರಿಯೂತ ಬಂದ ಪ್ರಕರಣಗಳು ಇವೆ. ಅವು ವಿರಳ, ಹೆಚ್ಚಿನವರು ಚಿಕಿತ್ಸೆಯಿಂದ ಚೇತರಿಸಿಕೊಂಡಿದ್ದಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಲಿವರ್ ರೋಗಿಗೆ ಲಸಿಕೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಹಾಗಾದರೆ ವರದಿ ಕೈಗೆ ಬಂದಾಗ ಏನು ಮಾಡಬೇಕು? ಕಿಣ್ವ ಸ್ವಲ್ಪ ಏರಿದ್ದು, ಮೈ ಹಗುರವಾಗಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುವಂತೆ ವೈದ್ಯರು ಹೇಳುತ್ತಾರೆ, ಆ ಕಾಯುವಿಕೆಯೂ ಚಿಕಿತ್ಸೆಯೇ. ಲಿವರ್ ಟಾನಿಕ್ ಎಂದು ಮತ್ತೊಂದು ಸೀಸೆ ತರುವ ಅವಸರ ಬೇಡ. ಗುಳ್ಳೆಯಿಲ್ಲದ ತುರಿಕೆ, ಗಾಢ ಮೂತ್ರ, ಹಳದಿ ಕಣ್ಣು, ಮರಳಿ ಬಂದ ಜ್ವರ, ಬಲಪಕ್ಕೆಯ ನೋವು ಇದ್ದರೆ ಒಂದು ದಿನವೂ ತಡೆಯಬೇಡಿ. ಹೋಗುವಾಗ ಅಂದಿನ ಡಿಸ್‌ಚಾರ್ಜ್ ಸಮ್ಮರಿ ಬೀರುವಿನ ಯಾವ ಮೂಲೆಯಲ್ಲಿದ್ದರೂ ಹುಡುಕಿ ತೆಗೆದುಕೊಂಡು ಹೋಗಿ. ಅದರಲ್ಲಿ ಎಷ್ಟು ದಿನ ವೆಂಟಿಲೇಟರ್, ಯಾವ ಔಷಧಿ, ಎಷ್ಟು ಸ್ಟೀರಾಯ್ಡ್ ಎಂಬುದೆಲ್ಲ ಇರುತ್ತದೆ. ಔಷಧಿ ಅಂಗಡಿಯ ಚೀಟಿ, ಅರ್ಧ ಮುಗಿದ ಗುಳಿಗೆ ಹಾಳೆ, ಪುಡಿಯ ಡಬ್ಬಿ ಎಲ್ಲವೂ ಚೀಲಕ್ಕೆ ಬರಲಿ. ಬಳ್ಳಿಯ ಕಷಾಯ ಕುಡಿದಿದ್ದರೆ, ಬೇಲಿಯಿಂದ ಎಲೆ ಸಮೇತ ಒಂದು ಗೇಣು ಕತ್ತರಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ಅದನ್ನೂ ಡಾಕ್ಟರ ಮೇಜಿನ ಮೇಲಿಡಿ.